ಅಪ್‌ಡೇಟ್: ಮೀನು ಹಿಡಿಯೋಕೆ ಗಾಳಿ ತುಂಬುವ ಕಯಾಕ್ ತಗೊಂಡೆ

ಒಬ್ಬನೇ ಕೂತು ಗಾಳ ಹಾಕೋಕೆ ಗಾಳಿ ತುಂಬುವ ದೋಣಿ ಒಳ್ಳೇದಾ, ಕಯಾಕಾ (ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿ) ಅಂತ ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ ಕಯಾಕ್ ತಗೊಂಡೆ. "ಮೊದಲು ತಳ ನೋಡಿ" ಅಂದವರ ಮಾತೇ ಕೆಲಸಕ್ಕೆ ಬಂತು. ನನ್ನದು ಡ್ರಾಪ್ ಸ್ಟಿಚ್ ತಳ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಒತ್ತೊತ್ತಾಗಿ ನೂಲು ಎಳೆದಿರುತ್ತಾರೆ. ಗಾಳಿ ತುಂಬಿದರೆ ಉಬ್ಬದೆ ಹಲಗೆಯ ಹಾಗೆ ಚಪ್ಪಟೆಯಾಗಿ ನಿಲ್ಲುತ್ತದೆ. ಮೀನು ಜಗ್ಗಿದಾಗ ಮೊಣಕಾಲೂರಿದರೂ ತಳ ಕುಸಿಯಲ್ಲ.

ಹಾಸಿಗೆಗೆ ಗಾಳಿ ತುಂಬುವ ಎಲೆಕ್ಟ್ರಿಕ್ ಪಂಪ್ ಸಾಕು ಅಂತಲೂ ಹೇಳಿದ್ರಿ. ಅದು ಮಾತ್ರ ಆಗಲಿಲ್ಲ. ಪಕ್ಕದ ಟ್ಯೂಬ್‌ಗಳು ಬೇಗ ಉಬ್ಬಿದವು, ತಳಕ್ಕೆ ಬಂದಾಗ ಪಂಪ್ ಸುಮ್ನೆ ಸದ್ದು ಮಾಡುತ್ತಿತ್ತು. ಅಂಥ ಪಂಪ್‌ಗಳು ಸಾಮಾನ್ಯವಾಗಿ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ದಾಟೋದೇ ಕಷ್ಟ. ನನ್ನ ತಳದ ಮೇಲೆ 8 ಅಂತ ಬರೆದಿದೆ! ಮೀಟರ್ ಇರುವ ಕೈಪಂಪೇ ಬೇಕಾಯ್ತು. ಕೊನೆಕೊನೆಗೆ ಮೈಭಾರವೆಲ್ಲ ಹಾಕಿ ಒತ್ತಬೇಕು, ಬೆವರು ಗ್ಯಾರಂಟಿ.

ನನಗೆ ಹೊಸದು ಅನ್ನಿಸಿದ್ದು ಇದು. ದಡದಲ್ಲಿ ಬಿಗಿಯಾಗಿದ್ದ ಟ್ಯೂಬ್ ನೀರಿಗಿಳಿಸಿದ ಮೇಲೆ ಮೆತ್ತಗಾಯ್ತು. ವಾಲ್ವ್ ಸುತ್ತ ಸೋಪಿನ ನೀರು ಹಚ್ಚಿ ನೋಡಿದೆ, ಒಂದು ಗುಳ್ಳೆಯೂ ಏಳಲಿಲ್ಲ. ತೂತಲ್ಲ, ತಣ್ಣೀರಿಗೆ ಒಳಗಿನ ಗಾಳಿ ತಂಪಾಗಿ ಒತ್ತಡ ಇಳಿಯುತ್ತದಂತೆ. ಇನ್ನಷ್ಟು ಗಾಳಿ ಹಾಕಿದೆ, ಸರಿಹೋಯ್ತು. ದಡಕ್ಕೆ ಎಳೆದು ಬಿಸಿಲಲ್ಲಿ ಇಡುವಾಗ ಇದರ ಉಲ್ಟಾ, ಸ್ವಲ್ಪ ಗಾಳಿ ಬಿಡಲೇಬೇಕು.

ಹಾಂ, ಕೆಳಗಿನ ಫಿನ್ (ದೋಣಿ ನೇರ ಹೋಗಲಿ ಅಂತ ತಳಕ್ಕೆ ಸಿಕ್ಕಿಸುವ ರೆಕ್ಕೆ) ಹಾಕದೆ ಹೊರಡಬೇಡಿ. ಅದಿಲ್ಲದಿದ್ರೆ ಹುಟ್ಟು ಹಾಕಿದಾಗೆಲ್ಲ ದೋಣಿಯ ಮೂತಿ ಆ ಕಡೆ ಈ ಕಡೆ ತಿರುಗುತ್ತದೆ. ಗಾಳದ ಕೋಲು ನಿಲ್ಲಿಸುವ ರಾಡ್ ಹೋಲ್ಡರ್ ಇನ್ನೂ ಅಂಟಿಸಿಲ್ಲ.