ಮೊದಲ ಗಿರಾಕಿ, ಮೊದಲ ವೆಬ್‌ಸೈಟ್: ಓದುಗರ ಸ್ಪಂದನ

ಸಮಸ್ಯೆ: ಬಿ.ಕಾಂ. ಮುಗಿಸಿ ವೆಬ್ ಡಿಸೈನ್ ಕಲಿತಿರುವ ದಾವಣಗೆರೆಯ ಸೋದರಿಯೊಬ್ಬರಿಗೆ ಅರ್ಜಿ ಹಾಕಿದಲ್ಲೆಲ್ಲ ‘ಮಾಡಿದ ಕೆಲಸ ತೋರಿಸಿ’ ಎನ್ನುತ್ತಿದ್ದಾರೆ. ಪರಿಚಯದ ಸೀರೆ ಅಂಗಡಿಯವರು ಕನ್ನಡದಲ್ಲಿ ಸೈಟ್ ಮಾಡಿಕೊಡಿ ಎಂದಿದ್ದಾರೆ. ಒಪ್ಪಿಕೊಳ್ಳಲೇ, ಇನ್ನೊಂದು ಕೋರ್ಸ್ ಸೇರಲೇ?

* * *

ಧೈರ್ಯವಾಗಿ ಒಪ್ಪಿಕೊಳ್ಳಿ. ಕನ್ನಡವನ್ನು ಪರದೆಯ ಮೇಲೆ ಅಚ್ಚುಕಟ್ಟಾಗಿ ಕೂರಿಸಬಲ್ಲವರು ಇನ್ನೂ ಕಡಿಮೆ, ಅದೇ ನಿಮ್ಮ ಬಂಡವಾಳವಾಗಲಿ.

ಅಂಗಡಿಯವರು ಕೊಡುವ ಬರಹ ಡಿಟಿಪಿಯವರ (ಅಚ್ಚಿಗೆ ಅಕ್ಷರ ಜೋಡಿಸುವವರ) ಹಳೆಯ ನುಡಿ ಫಾಂಟ್‌ನಲ್ಲಿ ಇರಬಹುದು. ಹಾಗೇ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಏಕೆಂದರೆ ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಇಟ್ಟುಕೊಂಡಿರುತ್ತದೆ. ಮೊದಲು ಯುನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ವ್ಯವಸ್ಥೆಗೆ) ಪರಿವರ್ತಿಸಿ. ಆಮೇಲೆ ಅರ್ಕಾವತ್ತು, ಒತ್ತಕ್ಷರಗಳಿರುವ ಪದಗಳನ್ನು ಒಂದೊಂದಾಗಿ ಓದಿ ನೋಡಿ, ಎಡವಟ್ಟಾಗುವುದು ಅಲ್ಲೇ.

ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಉಚಿತ ಫಾಂಟ್‌ಗಳು. ಲೈನ್ ಹೈಟ್ (ಅಕ್ಷರ ಗಾತ್ರದ ಎಷ್ಟು ಪಟ್ಟು ಸಾಲಿನ ಎತ್ತರ) ಇಂಗ್ಲಿಷ್‌ಗೆ 1.4 ಸಾಕಾದರೂ ಕನ್ನಡಕ್ಕೆ 1.7ರಷ್ಟು ಬೇಕು. ಇಲ್ಲದಿದ್ದರೆ ‘ವಸ್ತ್ರ’ದಂಥ ಪದದ ಒತ್ತುಗಳು ಕೆಳಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತವೆ. ಬಟನ್‌ಗೆ ಎತ್ತರ ಕಟ್ಟಿಹಾಕಿ ‘ಓವರ್‌ಫ್ಲೋ ಹಿಡನ್’ (ಹೊರಚಾಚಿದ್ದನ್ನು ಮರೆಮಾಡು) ಕೊಟ್ಟರೆ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ. ಎತ್ತರದ ಬದಲು ಪ್ಯಾಡಿಂಗ್ (ಅಕ್ಷರದ ಸುತ್ತ ಒಳಜಾಗ) ಕೊಡಿ. ಲೆಟರ್ ಸ್ಪೇಸಿಂಗ್ (ಅಕ್ಷರಗಳ ನಡುವಿನ ಅಂತರ) ಮುಟ್ಟಲೇಬೇಡಿ. ಪುಟವನ್ನು ಪರದೆಯ ಅಗಲಕ್ಕೆ ಹೊಂದಿಸು ಎಂದು ಫೋನಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಮರೆತರೆ ಫೋನು ಪುಟವನ್ನು ಸುಮಾರು 980 ಪಿಕ್ಸೆಲ್ ಅಗಲದಲ್ಲಿ ಬಿಡಿಸಿ ಕುಗ್ಗಿಸುತ್ತದೆ, ಅಕ್ಷರ ಇರುವೆಯಷ್ಟಾಗುತ್ತದೆ.

ಸೀರೆ ಅಂಗಡಿಯವರು ಬಿಳಿಯ ಮೇಲೆ ಜರಿ ಬಣ್ಣದ ಅಕ್ಷರ ಬೇಕೆಂದು ಹಟ ಹಿಡಿಯಬಹುದು. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕಾಂಟ್ರಾಸ್ಟ್ (ಅಕ್ಷರ, ಹಿನ್ನೆಲೆಗಳ ಹೊಳಪಿನ ಅನುಪಾತ) ಕನಿಷ್ಠ 4.5:1 ಇರಬೇಕು, ಬಿಳಿಯ ಮೇಲಿನ ಚಿನ್ನದ ಬಣ್ಣ ಅದರ ಹತ್ತಿರವೂ ಬರುವುದಿಲ್ಲ. ಬಿಸಿಲಲ್ಲಿ ಫೋನು ಹಿಡಿದು ಅವರಿಗೇ ತೋರಿಸಿ, ಒಪ್ಪುತ್ತಾರೆ. ಜರಿ ಬಣ್ಣ ಅಂಚಿಗಿರಲಿ.

ಫೋಟೊಗಳದ್ದೇ ದೊಡ್ಡ ಕೆಲಸ. ಫೋನಿನಲ್ಲಿ ತೆಗೆದ ಒಂದು ಚಿತ್ರ 4–5 ಎಂಬಿ ಇರುತ್ತದೆ, ಅಂಥ 30 ಚಿತ್ರ ಹಾಕಿದರೆ ಪುಟ ಏಳುವುದಿಲ್ಲ. 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ (ಕಡಿಮೆ ಗಾತ್ರದ ಚಿತ್ರ ಮಾದರಿ) ಮಾಡಿ, ತಲಾ 150 ಕೆಬಿ ಒಳಗೆ ತನ್ನಿ. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ನಮೂದಿಸದಿದ್ದರೆ ಓದುತ್ತಿರುವಾಗಲೇ ಬರಹ ಕೆಳಗೆ ಜಿಗಿಯುತ್ತದೆ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ (ಓದುಗರು ಅಲ್ಲಿಗೆ ಬಂದಾಗಷ್ಟೇ ಇಳಿಯುವ ವ್ಯವಸ್ಥೆ) ಕೊಡಿ. ಮೇಲಿನ ದೊಡ್ಡ ಚಿತ್ರಕ್ಕೆ ಮಾತ್ರ ಬೇಡ, ಅದು 2.5 ಸೆಕೆಂಡಿನೊಳಗೆ ಕಾಣಲೇಬೇಕು. ಟ್ಯೂಬ್‌ಲೈಟ್ ಬೆಳಕಲ್ಲಿ ಫೋಟೊ ತೆಗೆಯಬೇಡಿ. ಬಣ್ಣ ತಪ್ಪಿ ಬಂದರೆ ಸೀರೆಯೇ ವಾಪಸ್ ಬರುತ್ತದೆ.

– ವೆಬ್ ವಿನ್ಯಾಸಕಿ, ಮೈಸೂರು

* * *

ಪರಿಚಯದವರು ಅಂತ ಬಾಯಿಮಾತಲ್ಲೇ ಕೆಲಸ ಹಿಡೀಬ್ಯಾಡ್ರಿ, ತಂಗಿ. ಎಷ್ಟು ಪುಟ, ಎಷ್ಟು ಫೋಟೊ, ಎಷ್ಟು ಸಲ ತಿದ್ದುಪಡಿ (ಎರಡು ಸಾಕು), ಬರಹ ಯಾವ ತಾರೀಖಿನೊಳಗೆ ಕೊಡಬೇಕು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಇಂಥ ಸಣ್ಣ ಸೈಟುಗಳು ನಿಂತುಹೋಗೋದು ಕೋಡಿನಿಂದಲ್ಲ, ಬರಹ-ಫೋಟೊ ಬರದೇ. 50% ಮುಂಗಡ, ವಿನ್ಯಾಸ ಒಪ್ಪಿದ ಮೇಲೆ 30%, ಸೈಟ್ ತೆರೆಯೋ ಮುಂಚೆ ಉಳಿದ 20%. ದರವನ್ನು ಗಂಟೆ ಲೆಕ್ಕದಲ್ಲಿ ಕಟ್ಟಿ: ಐದು ಪುಟಕ್ಕೆ 40 ಗಂಟೆ ಹಿಡಿದರೆ, ಗಂಟೆಗೆ 300 ರೂಪಾಯಿಯಂತೆ 12,000.

ಡೊಮೇನ್ (ಸೈಟಿನ ವಿಳಾಸ), ಹೋಸ್ಟಿಂಗ್ (ಸೈಟ್ ಇಡೋ ಬಾಡಿಗೆ ಜಾಗ) ಖರ್ಚನ್ನು ಈ ದರದಲ್ಲಿ ಸೇರಿಸಬೇಡಿ. ಎರಡೂ ಅಂಗಡಿಯವರ ಹೆಸರಲ್ಲಿ, ಅವರದೇ ಇಮೇಲ್‌ನಲ್ಲಿ ಇರಲಿ. ನಿಮ್ಮ ಹೆಸರಲ್ಲಿದ್ದರೆ ವರ್ಷವರ್ಷದ ನವೀಕರಣ ನಿಮ್ಮ ತಲೆಗೆ ಬರುತ್ತೆ, ತಪ್ಪಿದರೆ ಸಂಬಂಧವೇ ಕೆಡುತ್ತೆ. ಸೈಟಿನ ಸಂಪರ್ಕವನ್ನು ಭದ್ರವಾಗಿಡೋ ಎಸ್‌ಎಸ್‌ಎಲ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಉಚಿತ, ಅದಕ್ಕೆ ಬೇರೆ ದುಡ್ಡು ಕೇಳೋ ಹೋಸ್ಟಿಂಗ್ ಬೇಡ.

ಆನ್‌ಲೈನ್ ಪಾವತಿಗೂ ಈಗಲೇ ಕೈಹಾಕಬೇಡಿ. ವಾಟ್ಸ್‌ಆ್ಯಪ್ ಬಟನ್ ಸಾಕು. ಆ ಲಿಂಕ್‌ನಲ್ಲಿ ಮೊಬೈಲ್ ಸಂಖ್ಯೆಯ ಮುಂದೆ 91 ಇರಲಿ, ಪ್ಲಸ್ ಚಿಹ್ನೆ, ಆರಂಭದ ಸೊನ್ನೆ ಹಾಕಬೇಡಿ.

– ಸ್ವತಂತ್ರ ಡೆವಲಪರ್, ಹುಬ್ಬಳ್ಳಿ

* * *

ಪೋರ್ಟ್‌ಫೋಲಿಯೊದಲ್ಲಿ (ಮಾಡಿದ ಕೆಲಸ ತೋರಿಸುವ ಪುಟದಲ್ಲಿ) ಈ ಸೈಟ್ ಜೊತೆಗೆ ಇನ್ನೆರಡು ಸಾಕು. ಹತ್ತು ಸಿದ್ಧ ಟೆಂಪ್ಲೇಟ್‌ಗಳನ್ನು ಬಣ್ಣ ಬದಲಿಸಿ ಇಟ್ಟರೆ ಕೇಳುವವರಿಗೆ ಗೊತ್ತಾಗುತ್ತದೆ. ಕೋಡನ್ನು ಇತರರೂ ನೋಡುವಂತೆ ಗಿಟ್‌ಹಬ್ ತಾಣದಲ್ಲಿಡಿ. ಸಂದರ್ಶನದಲ್ಲಿ ಕಾರ್ಡ್‌ಗಳನ್ನು (ಚಿತ್ರ-ಬರಹದ ಚೌಕಗಳನ್ನು) 360 ಪಿಕ್ಸೆಲ್ ಪರದೆಯಲ್ಲಿ ಸಾಲಿಗೆ ಒಂದರಂತೆ, ದೊಡ್ಡದರಲ್ಲಿ ಮೂರರಂತೆ ಕೂರಿಸಲು ಹೇಳಬಹುದು. ಇದಕ್ಕೆ ಬೇಕಾದ ಗ್ರಿಡ್, ಫ್ಲೆಕ್ಸ್‌ಬಾಕ್ಸ್ ಎಂಬ ಸಿಎಸ್‌ಎಸ್ ವಿಧಾನಗಳು ನೋಡದೆ ಬರೆಯುವಷ್ಟು ಕೈಗೆ ಹತ್ತಲಿ. ಎಐ ಬರೆದುಕೊಟ್ಟ ಸಾಲಾದರೂ ಅದು ಏಕಿದೆ ಎಂದು ವಿವರಿಸಲು ಬರಬೇಕು. ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿ ಆಮೇಲೆ. ಹೋಗುವ ಮುನ್ನ ಮೌಸ್ ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ನಿಮ್ಮ ಸೈಟ್ ಸುತ್ತಿಬನ್ನಿ. ಈಗ ಯಾವ ಬಟನ್, ಲಿಂಕ್ ಮೇಲಿದ್ದೀರಿ ಎಂಬ ಗುರುತು ಎಲ್ಲಿ ಮಾಯವಾಗುತ್ತದೋ ಅಲ್ಲಿ ಫೋಕಸ್ ಶೈಲಿ ಬರೆಯುವುದು ಬಾಕಿಯಿದೆ.

– ತಂಡದ ಮುಖ್ಯಸ್ಥ, ಬೆಂಗಳೂರು