ಸಹಾಯ ಬೇಕು: ಜೀವಾಮೃತ ಬಿಟ್ಟ ಮೇಲೆ ಡ್ರಿಪ್ ಕಟ್ಟಿಕೊಳ್ಳುತ್ತಿದೆ
ರೈತ ಬಾಂಧವರೇ, ಒಂದು ಎಕರೆ ಟೊಮ್ಯಾಟೊ, ನಾಟಿ ಮಾಡಿ 35 ದಿನ. ಜೀವಾಮೃತಕ್ಕೆ (ಸಗಣಿ, ಗಂಜಲ ಹುಳಿಸಿ ಮಾಡುವ ದ್ರವ ಗೊಬ್ಬರ) 200 ಲೀಟರ್ ನೀರಿಗೆ ನಾಟಿ ಹಸುವಿನ ಸಗಣಿ 10 ಕೆಜಿ, ಗಂಜಲ 10 ಲೀಟರ್, ಬೆಲ್ಲ 2 ಕೆಜಿ, ಹುರುಳಿ ಹಿಟ್ಟು 2 ಕೆಜಿ, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿ 3 ದಿನ ಇಟ್ಟು, ದಿನಕ್ಕೆರಡು ಸಲ ತಿರುವಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ವೆಂಚುರಿ (ದ್ರವ ಗೊಬ್ಬರವನ್ನು ಡ್ರಿಪ್ ನೀರಿನೊಳಗೆ ಎಳೆದುಕೊಳ್ಳುವ ಸಾಧನ) ಮೂಲಕ 15 ದಿನಕ್ಕೊಮ್ಮೆ ಬಿಡುತ್ತಿದ್ದೇವೆ. ಡಿಸ್ಕ್ ಫಿಲ್ಟರ್ (ಗೀರುಳ್ಳ ಬಿಲ್ಲೆಗಳ ನಡುವೆ ಕಸ ತಡೆಯುವ ಸೋಸುಕ) ಇದೆ.

ಸಾಲಿನ ಮೊದಲಲ್ಲಿ ಗಿಡ ಕಿತ್ತು ನೋಡಿದರೆ ಬೇರಿನ ತುದಿ ಬೆಳ್ಳಗಿದೆ, ಕವಲು ದಟ್ಟವಾಗಿದೆ. ಕೊನೆಯ ಗಿಡಗಳು ಮಾತ್ರ ಬಿಳಿಚಿಕೊಂಡಿವೆ. ಅಲ್ಲಿ ಪೈಪಿನ ಎಂಡ್ ಕ್ಯಾಪ್ ಬಿಚ್ಚಿದರೆ ಬೆರಳಿಗೆ ಅಂಟುವ ಕಂದು ಲೋಳೆ. ಹಿಟ್ಟಿನ ನುಣುಪು ಕಣ ಬಟ್ಟೆ ದಾಟುತ್ತದೆ, ಉಳಿದ ಬೆಲ್ಲ ತಿಂದು ಬ್ಯಾಕ್ಟೀರಿಯಾ ಪೈಪಿನೊಳಗೇ ಬೆಳೆಯುತ್ತದೆ. ಆಮೇಲೆ 20 ನಿಮಿಷ ಬರೀ ನೀರು ಬಿಟ್ಟರೂ ಸಾಲುತ್ತಿಲ್ಲ. ಆಸಿಡ್ ಕರಗಿಸುವುದು ಮುಖ್ಯವಾಗಿ ಗಡಸು ನೀರಿನ ಉಪ್ಪನ್ನು, ಈ ಲೋಳೆಯನ್ನಲ್ಲ. ಕ್ಲೋರಿನ್ ಬಿಟ್ಟರೆ ಬುಡದ ಜೀವಾಣುಗಳಿಗೇ ಏಟು, ಅದಕ್ಕೆ ಮನಸ್ಸಿಲ್ಲ.

ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಡ್ರಮ್ಮಿಗೆ ಇಳಿಬಿಟ್ಟವರು ಇದ್ದೀರಾ? ಹುಳಿ ಅಷ್ಟೇ ಚೆನ್ನಾಗಿ ಬರುತ್ತದೆಯೇ? ಡಿಸ್ಕ್ ಫಿಲ್ಟರಿನ ಮುಂಚೆ ಮರಳಿನ ಫಿಲ್ಟರ್ ಹಾಕಿದವರಿಗೆ ಲೋಳೆ ನಿಂತಿತೇ? ಬಳಸಿದ ಬಟ್ಟೆ, ಮರಳಿನ ಅಳತೆ ಸಮೇತ ತಿಳಿಸಿ. ಹೂ ಕಟ್ಟುತ್ತಿದೆ, ಮುಂದಿನ ಸರದಿಗೆ ಐದೇ ದಿನ ಉಳಿದಿದೆ.