‘ಉಳಿದ ಅವಧಿ’: ಗಡುವಿಗೆ ಉಳಿದದ್ದೋ, ಕೆಲಸಕ್ಕೆ ಹಿಡಿಯುವುದೋ?

ಕಾಮಗಾರಿಯ ವೇಳಾಪಟ್ಟಿ (ಶೆಡ್ಯೂಲ್) ಹಾಕುವ ಸಾಫ್ಟ್‌ವೇರ್‌ಗಳಾದ ಪ್ರಿಮಾವೆರಾ ಮತ್ತು ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಎರಡರಲ್ಲೂ ‘ರಿಮೇನಿಂಗ್ ಡ್ಯೂರೇಷನ್’ ಎಂಬ ಕಾಲಂ ಇದೆ. ಕೊಪ್ಪಳ, ರಾಯಚೂರು ಕಡೆಯ ಕಾಲುವೆ ಕಾಮಗಾರಿಗಳಲ್ಲಿ ಸೈಟ್ ಸೂಪರ್‌ವೈಸರ್ ವಾರಕ್ಕೊಮ್ಮೆ ತುಂಬಿಕೊಡಲು ಕನ್ನಡದ ನಮೂನೆ ಮಾಡುವುದಾದರೆ ಈ ಕಾಲಂ ತಲೆಯ ಮೇಲೆ ಏನು ಬರೆಯಬೇಕು? ನೇರವಾಗಿ ಬರೆದರೆ ‘ಉಳಿದ ಅವಧಿ’, ಗಂಭೀರವಾಗಿ ಕಾಣಬೇಕೆಂದರೆ ‘ಶೇಷಾವಧಿ’, ಕಚೇರಿಯ ರೂಢಿಯಲ್ಲಿ ‘ಬಾಕಿ ಅವಧಿ’. ಮೂರಕ್ಕೂ ನನ್ನ ತಕರಾರಿದೆ.

ತೊಡಕಿರುವುದು ‘ಅವಧಿ’ಯಲ್ಲೇ. ಕನ್ನಡದಲ್ಲಿ ಅದು ಕಾಲದ ಉದ್ದವೂ ಹೌದು, ಕಾಲದ ಗಡಿಯೂ ಹೌದು. ಗುತ್ತಿಗೆ ಅವಧಿ, ಅವಧಿ ವಿಸ್ತರಣೆ, ಅವಧಿ ಮೀರಿದ ಔಷಧಿ: ಇಲ್ಲೆಲ್ಲ ಕಿವಿಗೆ ಬೀಳುವುದು ಗಡುವು. ಹಾಗಾಗಿ ‘ಉಳಿದ ಅವಧಿ’ ಎಂದು ಕೇಳಿದರೆ ಸೂಪರ್‌ವೈಸರ್ ಮಾಡುವ ಲೆಕ್ಕ ಹೀಗೆ: ಕೆಲಸ 31ಕ್ಕೆ ಮುಗಿಸಬೇಕು, ಇವತ್ತು 20, ಉಳಿದದ್ದು 11. ಕನ್ನಡದ ಪ್ರಕಾರ ಉತ್ತರ ಸರಿ, ಶೆಡ್ಯೂಲ್ ಪ್ರಕಾರ ಪೂರ್ತಿ ತಪ್ಪು. ಸಾಫ್ಟ್‌ವೇರ್ ಕೇಳುತ್ತಿರುವುದು ಗಡುವನ್ನಲ್ಲ, ಮಿಕ್ಕ ಕೆಲಸಕ್ಕೆ ಇಂದಿನಿಂದ ಎಷ್ಟು ಕೆಲಸದ ದಿನ ಬೇಕು ಎಂಬುದನ್ನು. ಗಡುವನ್ನೇ ಕಳೆದು ತುಂಬುತ್ತ ಹೋದರೆ ಪ್ರತಿ ವಾರವೂ ಕೆಲಸ ಸರಿಯಾಗಿ 31ಕ್ಕೇ ಮುಗಿಯುತ್ತದೆ, 30ನೇ ತಾರೀಖಿನವರೆಗೂ ವಿಳಂಬ ಕಾಣುವುದೇ ಇಲ್ಲ.

‘ಬಾಕಿ’ ಗುತ್ತಿಗೆದಾರರ ಕಿವಿಗೆ ದುಡ್ಡು. ‘ಬಾಕಿ ಎಷ್ಟು?’ ಎಂದರೆ ಬಿಲ್ಲಿನ ಮಾತು ಶುರುವಾಗುತ್ತದೆ. ‘ಶೇಷ’ ಭಾಗಾಕಾರದ ಪಾಠಕ್ಕೆ ಇರಲಿ.

ಲೆಕ್ಕವನ್ನೇ ಇಟ್ಟು ನೋಡೋಣ. 1,200 ಮೀಟರ್ ಕಾಂಕ್ರೀಟ್ ಲೈನಿಂಗ್, ಅಂದರೆ ಕಾಲುವೆಯ ಒಳಮೈಗೆ ಕಾಂಕ್ರೀಟ್ ಹೊದಿಕೆ. ಯೋಜನೆಯಲ್ಲಿ ದಿನಕ್ಕೆ 50 ಮೀಟರಿನಂತೆ 24 ದಿನ. 12 ದಿನ ಕೆಲಸ ನಡೆದ ಮೇಲೆ ಅಳತೆ ಮಾಡಿದರೆ 480 ಮೀಟರ್, ಅಂದರೆ ಶೇ. 40. ದಿನಕ್ಕೆ ಆಗಿರುವುದು 40 ಮೀಟರ್. ಮಿಕ್ಕ 720 ಮೀಟರಿಗೆ ಅದೇ ವೇಗದಲ್ಲಿ 18 ದಿನ ಹಿಡಿಯುತ್ತದೆ. ಇಲ್ಲಿ ಬರೀ ‘ಶೇ. 40’ ಎಂದು ತುಂಬಿ ಕೈ ತೊಳೆದುಕೊಂಡರೆ ಸಾಫ್ಟ್‌ವೇರ್ 24ರಲ್ಲಿ ಶೇ. 60 ತೆಗೆದು 14.4 ದಿನ ಎನ್ನುತ್ತದೆ. ಮೂರೂವರೆ ದಿನಕ್ಕೂ ಹೆಚ್ಚು ಗಾಳಿಗೆ ಹೋಯಿತು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಂತೂ ಕೆಲಸ ನಡೆದದ್ದೇ 9.6 ದಿನ ಎಂದು ದಾಖಲಾಗಿ, ಮಿಕ್ಕ ಕೆಲಸದ ಒಂದು ತುಂಡು ಆಗಲೇ ಕಳೆದುಹೋದ ದಿನಗಳ ಮೇಲೆ ಕೂತಿರುತ್ತದೆ. ‘ಅಪ್‌ಡೇಟ್ ಪ್ರಾಜೆಕ್ಟ್’ಗೆ ಹೋಗಿ ಮುಗಿಯದ ಕೆಲಸವನ್ನು, ಲೆಕ್ಕ ಯಾವ ದಿನದವರೆಗಿನದು ಎಂದು ಹೇಳುವ ಸ್ಟೇಟಸ್ ಡೇಟ್‌ನಿಂದ ಮುಂದಕ್ಕೆ ತಳ್ಳುವವರೆಗೂ ಅದು ಅಲ್ಲೇ ಇರುತ್ತದೆ. ನಿನ್ನೆ ಕಾಂಕ್ರೀಟ್ ಹಾಕುತ್ತೇವೆ ಎಂದಂತೆ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಸರಿಯಾದ ಕ್ರಮ: ಟ್ರ್ಯಾಕಿಂಗ್ ಟೇಬಲ್ ತೆರೆದು ಮೊದಲು ನಿಜವಾಗಿ ಶುರುವಾದ ದಿನಾಂಕ, ಆಮೇಲೆ ನಡೆದ ದಿನ 12, ಆಮೇಲೆ ಇನ್ನೂ ಹಿಡಿಯುವ ದಿನ 18. ಒಟ್ಟು ತಾನಾಗಿ 30 ಆಗುತ್ತದೆ, ಶೇಕಡಾ ತಾನಾಗಿ 40 ಬರುತ್ತದೆ. ಎರಡು ಶೇಕಡಾಗಳು ಇಲ್ಲಿ ಹೊಂದಿಕೊಂಡದ್ದು ವೇಗ ಬದಲಾಗಿಲ್ಲ ಎಂಬ ಕಾರಣಕ್ಕೆ. ಇನ್ನೊಂದು ತಂಡ ಬಂದು ದಿನಕ್ಕೆ 60 ಮೀಟರ್ ಆಯಿತೆನ್ನಿ: 720ಕ್ಕೆ 12 ದಿನ ಸಾಕು. ಆಗ ಪರದೆ ಶೇ. 50 ತೋರಿಸುತ್ತದೆ, ಅಳತೆ ಪುಸ್ತಕದಲ್ಲಿ ಮಾತ್ರ ಶೇ. 40. ಸುಳ್ಳು ಎರಡರಲ್ಲೂ ಇಲ್ಲ. ಒಂದು ಕಾಲದ ಶೇಕಡಾ, ಇನ್ನೊಂದು ಕೆಲಸದ ಶೇಕಡಾ.

ಪ್ರಿಮಾವೆರಾದಲ್ಲಿ ಇದೇ ಜಗಳ ಬೇರೆ ರೂಪದಲ್ಲಿ ಬರುತ್ತದೆ. ಶೇಕಡಾ ವಿಧ ‘ಡ್ಯೂರೇಷನ್’ ಆಗಿದ್ದರೆ ಅದು ಮೂಲ 24ರಿಂದಲೇ ಲೆಕ್ಕ ಹಾಕುತ್ತದೆ. 18 ತುಂಬಿದೊಡನೆ ಶೇ. 25ಕ್ಕೆ ಇಳಿಯುತ್ತದೆ; ಅದನ್ನು ಕಂಡು ಯಾರೋ 40 ಎಂದು ತಿದ್ದುತ್ತಾರೆ, 18 ಹೋಗಿ ಮತ್ತೆ 14.4 ಬರುತ್ತದೆ. ಜನರಲ್ ಟ್ಯಾಬಿನಲ್ಲಿ ವಿಧವನ್ನು ‘ಫಿಸಿಕಲ್’ ಮಾಡಿದರೆ ಶೇಕಡಾ ಬೇರೆ, ದಿನ ಬೇರೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವುದಿಲ್ಲ. ಈ ‘ಫಿಸಿಕಲ್’ಗೆ ಮಾತ್ರ ಪದ ಹುಡುಕುವ ಕಷ್ಟವಿಲ್ಲ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಗಳ ‘ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ’ ಎಲ್ಲರಿಗೂ ಗೊತ್ತು, ಅರ್ಥವೂ ಸರಿಯಾಗಿ ಕೂರುತ್ತದೆ. ಆದರೆ ಕಾಲಂ ಮೇಲೆ ಬರೀ ‘ಪ್ರಗತಿ’ ಎಂದು ಬರೆಯಬೇಡಿ. ತುಂಬಿ ಬರುವುದು ‘ಪ್ರಗತಿಯಲ್ಲಿದೆ’ ಎಂದೇ.

ಹಾಗಾದರೆ ಪದ? ರಾಯಚೂರಿನಲ್ಲಿ ಮೇಸ್ತ್ರಿಯನ್ನು ಕೇಳುವುದು ‘ಇನ್ನಾ ಎಷ್ಟು ದಿನ ಹಿಡೀತದ?’ ಎಂದು, ಕೊಪ್ಪಳದಲ್ಲಿ ಅದೇ ‘ಹಿಡೀತೈತಿ’. ಈ ‘ಹಿಡಿ’ಯಲ್ಲಿ ಗಡುವಿನ ಸೋಂಕೇ ಇಲ್ಲ. ಹಿಡಿಯುವುದು ಕೆಲಸ, ಗುತ್ತಿಗೆ ಅಲ್ಲ. ‘ದಿನ ಎಷ್ಟು ಉಳಿದಾವ?’ ಎಂದು ಕೇಳಿದರೆ ಅದೇ ಮೇಸ್ತ್ರಿ ಕಾಲುವೆಗೆ ನೀರು ಬಿಡುವ ತಾರೀಖು ಹೇಳುತ್ತಾನೆ. ಆದ್ದರಿಂದ ನನ್ನ ಸೂಚನೆ ‘ಇನ್ನೂ ಹಿಡಿಯುವ ದಿನ’. ಕಾರ್ಖಾನೆ ಕಡೆಯವರು ಆಕ್ಷೇಪಿಸಬಹುದು: ತೋರಣಗಲ್ಲಿನ ಉಕ್ಕು, ಶಕ್ತಿನಗರದ ವಿದ್ಯುತ್ ಘಟಕಗಳಂಥ ಕಡೆ ದುರಸ್ತಿಗೆಂದು ಘಟಕ ನಿಲ್ಲಿಸುವ ಶಟ್‌ಡೌನ್ ಶೆಡ್ಯೂಲ್ ನಡೆಯುವುದು ಗಂಟೆಗಳಲ್ಲಿ. ಅಲ್ಲಿ ‘ಇನ್ನೂ ಹಿಡಿಯುವ ತಾಸು’ ಎಂದರಾಯಿತು. ತಾಸು ಈ ಸೀಮೆಯ ಮಾತೇ.

‘ದಿನ’ ಎಂದಾಗಲೂ ಒಂದು ಎಚ್ಚರ ಬೇಕು. ಅದು ಆ ಕೆಲಸದ ಕ್ಯಾಲೆಂಡರಿನ ದಿನ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವಾಗ ಲೈನಿಂಗ್ ಸಾಧ್ಯವಿಲ್ಲ. ನೀರು ನಿಲ್ಲಿಸಿದ ಬೇಸಿಗೆ ವಾರಗಳಷ್ಟೇ ಕೆಲಸದ ದಿನ ಎಂದು ಕ್ಯಾಲೆಂಡರಿನಲ್ಲಿದ್ದರೆ, ನೀರು ಬಿಡಲು 10 ಕೆಲಸದ ದಿನ ಇರುವಾಗ ‘18’ ಎಂದು ತುಂಬಿದೊಡನೆ ಮಿಕ್ಕ 8 ದಿನ ಮುಂದಿನ ಬೇಸಿಗೆಗೆ ಜಿಗಿಯುತ್ತವೆ. ಮುಗಿಯುವ ದಿನಾಂಕ ತಿಂಗಳುಗಟ್ಟಲೆ ಆಚೆ ಕಂಡರೆ ಗಾಬರಿಯಾಗಿ 18ನ್ನು 10ಕ್ಕೆ ಇಳಿಸುವವರಿದ್ದಾರೆ. ಸಾಫ್ಟ್‌ವೇರ್ ಸರಿಯಾಗಿಯೇ ಹೇಳಿದೆ. ಕಡಿಮೆ ಮಾಡಬೇಕಾದ್ದು ತಂಡ ಹೆಚ್ಚಿಸಿ, ಅಂಕಿ ತಿದ್ದಿ ಅಲ್ಲ. ಹಾಕಿದ ಕಾಂಕ್ರೀಟನ್ನು ತೇವವಿಟ್ಟು ಗಟ್ಟಿಯಾಗಲು ಬಿಡುವ ಕ್ಯೂರಿಂಗ್ ಇದಕ್ಕೆ ಉಲ್ಟಾ. ಭಾನುವಾರವೂ ಕಾಂಕ್ರೀಟ್ ಗಟ್ಟಿಯಾಗುತ್ತಲೇ ಇರುತ್ತದೆ, ಆದ್ದರಿಂದ ಅದಕ್ಕೆ ರಜೆಯಿಲ್ಲದ ಕ್ಯಾಲೆಂಡರ್ ಬೇಕು.

ಇನ್ನು ‘ಡೇಟಾ ಡೇಟ್’, ಅಂದರೆ ಪ್ರಗತಿಯ ಲೆಕ್ಕ ಯಾವ ದಿನಕ್ಕೆ ಎಂದು ಹೇಳುವ ಪ್ರಿಮಾವೆರಾದ ದಿನಾಂಕ; ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಅದೇ ಸ್ಟೇಟಸ್ ಡೇಟ್. ‘ದತ್ತಾಂಶ ದಿನಾಂಕ’ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ಮಾಹೆಯ ಅಂತ್ಯಕ್ಕೆ’ ಎಂಬ ಕಚೇರಿ ಮಾತಿನಿಂದ ‘ಅಂತ್ಯ ದಿನ’ ಎನ್ನೋಣವೆಂದರೆ ಕೆಲಸ ಮುಗಿಯುವ ದಿನ ಎಂದು ಓದುತ್ತಾರೆ. ‘ಲೆಕ್ಕ ಹಿಡಿದ ದಿನ’ ಸುಮಾರಾಗಿ ಒಪ್ಪುತ್ತದೆ, ಆದರೆ ಆ ದಿನ ಲೆಕ್ಕದ ಒಳಗೋ ಹೊರಗೋ ಎಂಬುದು ಅದರಲ್ಲೂ ಸ್ಪಷ್ಟವಿಲ್ಲ. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಸ್ಟೇಟಸ್ ಡೇಟ್ 31 ಎಂದರೆ 31ರ ಸಂಜೆಯವರೆಗಿನ ಕೆಲಸ ಸೇರಿದೆ. ಪ್ರಿಮಾವೆರಾದಲ್ಲಿ ಗಂಟೆ ಕೊಡದೆ 31 ಎಂದರೆ ಆ ದಿನದ ಆರಂಭ. 31ರ ಕೆಲಸ ಇನ್ನೂ ಮುಂದಿದೆ ಎಂದರ್ಥ. 31ರ ಸಂಜೆ ಅಳತೆ ಮಾಡಿದವರು ಅಲ್ಲಿ 1ನೇ ತಾರೀಖು ಹಾಕಬೇಕು. ಈ ಒಳಗು–ಹೊರಗು ಎರಡನ್ನೂ ತೋರಿಸುವ ಕನ್ನಡ ಪದ ಯಾರ ಬಳಿಯಾದರೂ ಇದೆಯೇ?